ಮಾಮಾನ ಗಂಟಲು, ನನ್ನ ಸೌಂಡ್ ಕಾರ್ಡ್

ನನ್ನ ಅವ್ವನ ತಮ್ಮ ಹೊರ್ತಿಯವನು. ಕುರಿ ಇದ್ದವು, ಹೊಲ ಇತ್ತು. ಆದರೆ ಸುತ್ತಲಿನ ಊರುಗಳಲ್ಲಿ ಮಂದಿ ಅವನನ್ನು ಗುರುತಿಸುತ್ತಿದ್ದದ್ದು ಡೊಳ್ಳಿನ ಪದ ಹಾಡುವ ದನಿಯಿಂದ, ಆಮೇಲೆ ಅವನ ಕೈಯಿಂದ. ಆ ಕೈ ಎಲ್ಲಿ ಯಾವಾಗ ಯಾರ ಮೇಲೆ ಬೀಳುತ್ತದೆಂದು ಹೇಳಲು ಆಗುತ್ತಿರಲಿಲ್ಲ.

ನಾನು ಸಣ್ಣವಳಿದ್ದಾಗ ಮನಗೂಳಿಯಲ್ಲಿ ಎರಡು ಮೇಳಗಳ ನಡುವೆ ಸವಾಲಿನ ಹಾಡಿಕೆ ಇತ್ತು. ಎದುರಿನ ಮೇಳದ ಹಾಡುಗಾರ ಪದದ ನಡುವೆ ಮಾಮಾನ ಸತ್ತ ಅಪ್ಪನನ್ನು ಎಳೆದು ತಂದು ಏನೋ ಹಗುರವಾಗಿ ಅಂದ. ಮಾಮಾ ಪದ ನಿಲ್ಲಿಸಲಿಲ್ಲ. ಹಾಡುತ್ತಲೇ ಎದ್ದು ಹೋಗಿ, ಕೈಯಲ್ಲಿದ್ದ ಹಿತ್ತಾಳೆ ತಾಳದ ಅಂಚಿನಿಂದ ಆ ಮನುಷ್ಯನ ಹುಬ್ಬು ಸೀಳಿಬಿಟ್ಟ. ರಕ್ತ ಕಣ್ಣಿಗಿಳಿದು ಅವನು ಕುರುಡನಂತೆ ಕೈಯಾಡಿಸುತ್ತಿದ್ದ. ಮಾಮಾ ತಿರುಗಿ ಬಂದು ತನ್ನ ಜಾಗದಲ್ಲಿ ನಿಂತು ಉಳಿದ ಸಾಲು ಮುಗಿಸಿದ. ಅವ್ವನ ತೊಡೆಯ ಮೇಲೆ ಕುಳಿತಿದ್ದ ನನಗೆ ರಕ್ತಕ್ಕಿಂತ ಹೆಚ್ಚು ನೆನಪಿರುವುದು, ಮಂದಿ ಚಪ್ಪಾಳೆ ಹೊಡೆದದ್ದು.

ನನಗೆ ಮಾತ್ರ ಅವನು ಎಂದೂ ಕೈ ಮಾಡಿರಲಿಲ್ಲ. ಬಂದಾಗೆಲ್ಲ ಬೆಂಡು ಬತ್ತಾಸು ತರುತ್ತಿದ್ದ, ಹೆಗಲ ಮೇಲೆ ಹೊತ್ತು ಕುರಿಯ ಹಟ್ಟಿ ತೋರಿಸುತ್ತಿದ್ದ. ಆ ಕೈ ನನ್ನ ಪಾಲಿಗೆ ಬೇರೆಯದೇ ಕೈ ಎಂದು ನಂಬಿಕೊಂಡೇ ನಾನು ದೊಡ್ಡವಳಾದೆ.

ವಿಜಯಪುರದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮಾಡಿ, ಮದುವೆಯಾಗಿ ಸಿಂದಗಿಗೆ ಬಂದೆ. ನನ್ನ ಗಂಡ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುತ್ತಾನೆ. ಮನೆಯ ಹಿಂದೆ ಜೋಳದ ಚೀಲ ಇಡುವ ಕೋಣೆಯೊಂದಿತ್ತು, ಅದನ್ನು ರೆಕಾರ್ಡಿಂಗ್ ಕೋಣೆ ಮಾಡಿದೆ. ಚೀಲಗಳನ್ನು ಪಡಸಾಲೆಗೆ ಸಾಗಿಸಿ, ದನಿ ಗೋಡೆಗೆ ಬಡಿದು ತಿರುಗಿ ಬರಬಾರದೆಂದು ನಾಲ್ಕೂ ಕಡೆ ಅವ್ವ ಹೊಲಿದ ಕೌದಿಗಳನ್ನು ತೂಗುಹಾಕಿದೆ. ಒಂದು ಮೈಕು, ಒಂದು ಲ್ಯಾಪ್‌ಟಾಪು, ಮೈಕಿನ ದನಿಯನ್ನು ಕಂಪ್ಯೂಟರಿಗೆ ದಾಟಿಸುವ ಅಂಗೈಯಗಲದ ತಗಡಿನ ಡಬ್ಬಿ. ಅದಕ್ಕೆ ಸೌಂಡ್ ಕಾರ್ಡ್ ಅನ್ನುತ್ತೇವೆ. ಇಂಡಿ ಊರಿನ ಹೆಣ್ಣುಮಕ್ಕಳು ಬಂದು ಸೋಬಾನೆ ಹಾಡಿ ಹೋದರು. ಮುದ್ದೇಬಿಹಾಳದ ಮಾಸ್ತರರೊಬ್ಬರು ಪಾಠ ಓದಿ ಹೋದರು. ಬಸವನ ಬಾಗೇವಾಡಿಯ ಭಜನಾ ಮಂಡಳಿಯವರು ಹಾರ್ಮೋನಿಯಂ ಹೊತ್ತುಕೊಂಡು ಬಂದರು.

ಒಂದು ಮುಂಜಾನೆ ಮಾಮಾನೇ ಬಂದು ನಿಂತ. ಜೊತೆಗೆ ಅವನ ಮೇಳದ ಡೊಳ್ಳುಗಾರ, ನಾನು ಕಾಕಾ ಅನ್ನುವವನು. ಅವರಿಬ್ಬರೂ ಮೀಸೆ ಬರುವ ಮೊದಲಿನಿಂದ ಕೂಡಿ ಹಾಡಿದವರು. ಕಾಕಾ ಡೊಳ್ಳು ಬಾರಿಸುತ್ತ ಹಿಂದಿನ ಸಾಲು ಎತ್ತಿಕೊಳ್ಳುತ್ತಿದ್ದ, ಮಾಮಾನಿಂದ ಹೊಡೆತವನ್ನೂ ತಿನ್ನುತ್ತಿದ್ದ.

"ದೇವಣಗಾಂವದಾಂವಂದು ಪದ ಎಲ್ಲಾರ ಫೋನಿನ್ಯಾಗೂ ಕೇಳಸ್ತೈತಿ," ಅಂದ ಮಾಮಾ. "ನಂದು ಯಾಕ ಕೇಳಸಬಾರದು? ಹಚ್ಚು ನಿನ್ನ ಮಷೀನ."

ಹಿಂದಿನ ದಿನ ಕಂಪ್ಯೂಟರು ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಆಗಿತ್ತು. ರೆಕಾರ್ಡಿಂಗ್ ಸಾಫ್ಟ್‌ವೇರ್ ತೆರೆದರೆ ಯಾವ ಆಡಿಯೋ ಸಾಧನವೂ ಸಿಗುತ್ತಿಲ್ಲ ಎಂದು ತೋರಿಸಿತು. ಡಬ್ಬಿಯ ದೀಪ ಉರಿಯುತ್ತಿತ್ತು, ಕಂಪ್ಯೂಟರಿಗೆ ಮಾತ್ರ ಅದು ಕಾಣುತ್ತಿರಲಿಲ್ಲ. ವೈರು ಕಿತ್ತು ಬೇರೆ ಕಿಂಡಿಗೆ ಹಾಕಿದೆ. ಪರದೆಯ ಮೇಲೆ ದನಿಯ ಹಸಿರು ಗೆರೆ ಕುಣಿಯಿತು. ಸರಿಹೋಯಿತು ಅಂದುಕೊಂಡು ಹಾಡು ಅಂದೆ.

ಮಾಮಾ ಕಣ್ಣು ಮುಚ್ಚಿ, ಕಿವಿಗೆ ಕೈ ಇಟ್ಟು, ಪೂರ್ತಿ ಪದ ಹಾಡಿದ. ತಿರುಗಿ ಕೇಳಿದರೆ ಬಾವಿಯ ತಳದಿಂದ ಯಾರೋ ಕೂಗಿದಂತಿತ್ತು, ಮೇಲೆ ಫ್ಯಾನಿನ ಗುಂಯ್‌ಗುಡುವಿಕೆ. ಸಾಫ್ಟ್‌ವೇರು ಡಬ್ಬಿಯನ್ನು ಬಿಟ್ಟು ಲ್ಯಾಪ್‌ಟಾಪಿನ ಸ್ವಂತ ಮೈಕನ್ನು ಹಿಡಿದುಕೊಂಡಿತ್ತು. ಮಾಮಾ ಹಾಡಿದ ಮೈಕಿನಿಂದ ಒಂದು ಉಸಿರೂ ಒಳಗೆ ಹೋಗಿರಲಿಲ್ಲ.

"ಇದು ನನ್ನ ದನೀನ?" ಮಾಮಾ ಟೇಬಲ್ ಗುದ್ದಿದ. ಚಹಾದ ಕಪ್ ನೆಲದ ಫರಶಿಗೆ ಬಿದ್ದು ಚೂರಾಯಿತು.

"ಡ್ರೈವರ್ ತಪ್ಪೈತಿ ಮಾಮಾ. ಡ್ರೈವರ್ ಹೋದ್ರ ಇದು ಹಿಂಗ ಮಾಡ್ತೈತಿ."

"ಎಲ್ಲಿ ಹೋಗ್ಯಾನ ಆ ಡ್ರೈವರ್? ಕರಿ ಅವನ್ನ. ಬಾರಕೋಲ ತಗೊಂಡು ಬಾರಸ್ತೇನಿ."

ಕಾಕಾನಿಗೆ ನಗೆ ತಡೆಯಲಿಲ್ಲ. ನನಗೂ ಬಂತು. ಆದರೆ ಮಾಮಾ ನೋಡಿದ್ದು ಕಾಕಾನನ್ನು. ಡೊಳ್ಳಿನ ಕೋಲು ಕಿತ್ತುಕೊಂಡು ಅವನ ಬಾಯಿಗೆ ಅಡ್ಡವಾಗಿ ಬೀಸಿದ. ಕೆಳದುಟಿ ಒಡೆದು ರಕ್ತ ಡೊಳ್ಳಿನ ಚರ್ಮದ ಮೇಲೆ ಟಪಟಪ ಬಿತ್ತು. ಕಾಕಾ ಕಂಬಳಿಯ ತುದಿಯಿಂದ ಮೊದಲು ಡೊಳ್ಳು ಒರೆಸಿದ, ಆಮೇಲೆ ಬಾಯಿ.

"ಇವತ್ತ ಸಾಕು," ಅಂದೆ. ಮೈಕಿನ ವೈರು ಸುತ್ತತೊಡಗಿದೆ.

ಅವರು ಹೋದ ಮೇಲೆ ಹಳೆಯ ಡ್ರೈವರುಗಳನ್ನೆಲ್ಲ, ಅಂದರೆ ಡಬ್ಬಿಯ ಗುರುತನ್ನು ಕಂಪ್ಯೂಟರಿಗೆ ಹೇಳುವ ಸಾಫ್ಟ್‌ವೇರುಗಳನ್ನೆಲ್ಲ, ಹುಡುಕಿ ತೆಗೆದುಹಾಕಿದೆ. ಡಬ್ಬಿ ತಯಾರಿಸಿದವರದೇ ಡ್ರೈವರ್ ಇಳಿಸಿಕೊಂಡು, ಕಂಪ್ಯೂಟರ್ ಬಂದ್ ಮಾಡಿ ಚಾಲೂ ಮಾಡಿದೆ. ಡಬ್ಬಿ ಹೆಸರು ಸಮೇತ ಕಂಡಿತು. ದನಿ ಒಳಹೋಗುವ ದಾರಿಗೂ ಹೊರಬರುವ ದಾರಿಗೂ ಅದನ್ನೇ ಆರಿಸಿ, ಲ್ಯಾಪ್‌ಟಾಪಿನ ಸ್ವಂತ ಮೈಕಿನ ಬಾಯಿ ಕಟ್ಟಿದೆ.

ಮುಂದಿನ ವಾರ ಅವರು ಬಂದಾಗ ಬೇರೆ ಕಾಟ ಶುರುವಾಯಿತು. ಮಾಮಾ ದನಿ ಏರಿಸಿದಾಗೆಲ್ಲ ಬಾಣಲೆಯಲ್ಲಿ ಕಡಲೆ ಹುರಿದಂತೆ ಚಟಪಟ. ದನಿಯನ್ನು ಕಂಪ್ಯೂಟರು ತುಸುತುಸುವೇ ತುಂಬಿಕೊಂಡು ಒಳಗೆ ಸಾಗಿಸುತ್ತದೆ. ತುಂಬಿಕೊಳ್ಳುವ ಪಾತ್ರೆ ಸಣ್ಣದಿದ್ದರೆ ಚೆಲ್ಲಿ ಹೋಗುತ್ತದೆ. ಆ ಪಾತ್ರೆಗೆ ಬಫರ್ ಅನ್ನುತ್ತಾರೆ. ಅದನ್ನು ದೊಡ್ಡದು ಮಾಡಿದೆ. ಚಟಪಟ ಕಡಿಮೆಯಾಯಿತು. ಆದರೆ ಈಗ ಮಾಮಾನ ದನಿ ಹೆಡ್‌ಫೋನಿನಲ್ಲಿ ಅವನ ಕಿವಿಗೆ ತಡವಾಗಿ ಬರತೊಡಗಿತು. ಅವನು ಒಂದು ಅಕ್ಷರ ಹಾಡಿದರೆ ಅದೇ ಅಕ್ಷರ ಹಿಂದಿನಿಂದ ಬರುತ್ತಿತ್ತು.

"ಯಾವನೋ ನನ್ನ ಅಣಕಸಾಕತ್ತಾನ!" ಎಂದು ಹೆಡ್‌ಫೋನು ಕಿತ್ತು ಗೋಡೆಗೆ ಎಸೆದ. ಬಾಗಿಲಿಗೆ ಒದ್ದ. ಚಿಲಕ ಕಿತ್ತು ಬಂತು. ಅಂಗಳದಲ್ಲಿ ಮೋಟಾರು ಬಿಚ್ಚುತ್ತಿದ್ದ ನನ್ನ ಗಂಡ ಎದ್ದು ನಿಂತ.

"ಮಾಮಾರ, ಇದು ನಮ್ಮ ಮನಿ ಐತ್ರಿ," ಅಂದ, ಮೆಲ್ಲಗೆ.

"ನಿನ್ನ ಮನಿ ಇದ್ರ ಇರ್ಲಿ. ಅಕಿ ನನ್ನ ಅಕ್ಕನ ಮಗಳು."

ಆ ಸಂಜೆ ಗಂಡ, "ಇನ್ನೊಮ್ಮಿ ಅವ್ರು ಬರೂದು ಬ್ಯಾಡ," ಅಂದ. ನಾನು ಇನ್ನೊಂದೇ ಸಲ ಅಂದೆ. ಮಾಮಾನ ಮೇಲಿನ ಮಮತೆಗಿಂತ ಹೆಚ್ಚಾಗಿ ಆ ಚಟಪಟ ನನ್ನನ್ನು ಕಾಡುತ್ತಿತ್ತು. ಅದು ಎಲ್ಲಿಂದ ಬರುತ್ತದೆಂದು ತಿಳಿಯದೆ ಬಿಡಲು ನನಗೆ ಆಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಕುಳಿತು ಒಂದೊಂದೇ ನೋಡುತ್ತ ಹೋದೆ. ಕಂಪ್ಯೂಟರು ದನಿಯನ್ನು ಅಳೆಯುವ ವೇಗ ಒಂದಿತ್ತು, ಸಾಫ್ಟ್‌ವೇರಿನದು ಇನ್ನೊಂದು. ಎರಡನ್ನೂ ಒಂದೇ ಮಾಡಿದೆ. ವಿದ್ಯುತ್ ಉಳಿಸಲು ಡಬ್ಬಿಯ ಕಿಂಡಿಯನ್ನು ಕಂಪ್ಯೂಟರು ಆಗಾಗ ಮಲಗಿಸುತ್ತಿತ್ತು, ಅದನ್ನು ನಿಲ್ಲಿಸಿದೆ. ಹಾಡುವವನಿಗೆ ತನ್ನ ದನಿ ತಡವಿಲ್ಲದೆ ಕೇಳುವಂತೆ ಡಬ್ಬಿಯ ಮೇಲಿನ ಗುಂಡಿ ತಿರುಗಿಸಿಟ್ಟೆ. ಮೈಕಿನ ಮುಂದೆ ನಿಂತು ನಾನೇ ಒಂದು ಹಾಡು ಹೇಳಿದೆ. ತಿರುಗಿ ಕೇಳಿದರೆ ಕೊಡದಲ್ಲಿ ನಿಂತ ನೀರಿನ ಹಾಗೆ ತಿಳಿಯಾಗಿತ್ತು. ಖುಷಿಯಿಂದ ಹೊರ್ತಿಗೆ ಫೋನ್ ಮಾಡಿದೆ.

ಮೂರನೆಯ ಸಲ ಮಾಮಾ ತಲೆಗೆ ಹೊಸ ಪಟಕಾ ಸುತ್ತಿಕೊಂಡು ಬಂದ. ಹಾಡಿದ. ಕೇಳಿಸಿದೆ. ಚಟಪಟ ಇರಲಿಲ್ಲ, ಗುಂಯ್‌ಗುಡುವಿಕೆ ಇರಲಿಲ್ಲ. ಆದರೆ ಎತ್ತರದ ಸಾಲುಗಳಲ್ಲಿ ದನಿ ಹರಿದು ಒಡೆಯುತ್ತಿತ್ತು. ಒಣ ಚರ್ಮ ಎಳೆದಂತೆ ಕರಕರ.

"ಇನ್ನೂ ಐತಿ," ಅಂದ ಮಾಮಾ. "ಹೋಗಿಲ್ಲ."

ವೈರು ಬದಲಿಸಿದೆ. ಕರಕರ ಇತ್ತು. ನನ್ನ ಹಳೆಯ ಮೈಕು ತಂದು ಹಚ್ಚಿದೆ. ಇತ್ತು. ಕಾಕಾನನ್ನು ಅದೇ ಜಾಗದಲ್ಲಿ ನಿಲ್ಲಿಸಿ ಅದೇ ಸಾಲು ಹಾಡಿಸಿದೆ. ದನಿ ಸಣ್ಣದು, ಆದರೆ ಸ್ವಚ್ಛ. ಮತ್ತೆ ಮಾಮಾನನ್ನು ನಿಲ್ಲಿಸಿದೆ. ಕರಕರ. ಇಷ್ಟು ದಿನ ಯಂತ್ರದ ಸದ್ದಿನ ಅಡಿಯಲ್ಲಿ ಇದು ಮುಚ್ಚಿಕೊಂಡಿತ್ತು.

"ಮಾಮಾ, ಮಷೀನಿನ್ಯಾಗ ಈಗ ಏನೂ ಇಲ್ಲ. ಇದು ನಿನ್ನ ಗಂಟಲಾಗಿಂದು. ನಾಳೆ ದವಾಖಾನಿಗೆ ಹೋಗಿ ತೋರಸೂಣು."

ಅವನು ನನ್ನನ್ನು ನೋಡಿದ. ಹೊಡೆಯುತ್ತಾನೆಂದು ಆಗಲೂ ನನಗೆ ಅನಿಸಲಿಲ್ಲ. ಕೈ ಬಂದದ್ದು ಕಾಣಲಿಲ್ಲ. ಕಪಾಳದ ಮೇಲೆ ಬಿದ್ದಾಗ ಎಡಗಿವಿಯಲ್ಲಿ ಸಿಳ್ಳು ಹೊಡೆದಂತಾಯಿತು, ತಲೆ ಟೇಬಲ್ಲಿನ ಅಂಚಿಗೆ ಬಡಿಯಿತು. ನಾನು ಫರಶಿಯ ಮೇಲಿದ್ದೆ. ಅವನು ಮೈಕಿನ ಕಬ್ಬಿಣದ ಸ್ಟ್ಯಾಂಡು ಎತ್ತಿ ಲ್ಯಾಪ್‌ಟಾಪಿಗೆ ಬಾರಿಸುತ್ತಿದ್ದ. ಪರದೆ ಒಡೆಯಿತು, ಕೀಲಿಗಳು ಹಲ್ಲಿನಂತೆ ಕಿತ್ತು ನನ್ನ ಮೈಮೇಲೆ ಸಿಡಿದವು.

"ನನ್ನ ಗಂಟಲಾ ಅಂತೀ? ನನ್ನ ಗಂಟಲಾ?"

ಸದ್ದು ಕೇಳಿ ಓಡಿಬಂದ ಗಂಡ ಹಿಂದಿನಿಂದ ಅವನನ್ನು ಅವುಚಿಕೊಂಡ. ಮಾಮಾ ಮೈ ಕೊಡವಿ ಸ್ಟ್ಯಾಂಡು ಬೀಸಿದ. ಗಂಡ ತಡೆಯಲು ಕೈ ಒಡ್ಡಿದ. ಮಣಿಕಟ್ಟಿನ ಎಲುಬು ಮುರಿದ ಸದ್ದು ಹಸಿ ಕಟ್ಟಿಗೆ ಮುರಿದಂತೆ ಕೇಳಿತು. ಅವನು ಕೂಗಿದ ಕೂಗಿಗೆ ನಾನು ಎದ್ದೆ. ಕೈಗೆ ಸಿಕ್ಕ ಕುರ್ಚಿ ಎತ್ತಿ ಮಾಮಾನ ಬೆನ್ನಿಗೆ ಬಾರಿಸಿದೆ. ಅವನು ನನ್ನ ಕಡೆ ತಿರುಗಿ ಸ್ಟ್ಯಾಂಡು ಮೇಲೆತ್ತಿದ.

ಆಗ ಕಾಕಾ ಡೊಳ್ಳನ್ನು ಕೊರಳಿಂದ ತೆಗೆದು ಕೆಳಗಿಟ್ಟ. ಒಂದು ಹೊಡೆತಕ್ಕೂ ತಿರುಗಿ ಕೈ ಎತ್ತದಿದ್ದ ಮನುಷ್ಯ ಎರಡೂ ಕೈಯಿಂದ ಮಾಮಾನ ಕುತ್ತಿಗೆ ಹಿಡಿದು, ಕೌದಿ ತೂಗುಹಾಕಿದ ಗೋಡೆಗೆ ಒತ್ತಿ ಅಮುಕತೊಡಗಿದ. ಮಾಮಾ ಅವನ ಮುಖ ಪರಚಿದ, ಹೊಟ್ಟೆಗೆ ಮೊಣಕಾಲು ಕೊಟ್ಟ. ಕಾಕಾ ಬಿಡಲಿಲ್ಲ. ಮಾಮಾನ ಕಣ್ಣು ಕೆಂಪಾಗಿ ಹೊರಬಂದವು, ಸ್ಟ್ಯಾಂಡು ಕೈಯಿಂದ ಜಾರಿತು. ಕೊಂದೇಬಿಡುತ್ತಾನೆ ಅಂದುಕೊಂಡೆ. ಕೊಲ್ಲಲಿ ಅಂದುಕೊಂಡೆನೋ ಏನೋ, ಬಿಡಿಸಲು ನಾನು ಹೋಗಲಿಲ್ಲ.

ಒಮ್ಮೆಗೇ ಕಾಕಾನ ಹಿಡಿತ ಸಡಿಲಾಯಿತು. ಅವನ ಹೆಬ್ಬೆರಳು ಮಾಮಾನ ಕುತ್ತಿಗೆಯ ಒಂದು ಬದಿಯಲ್ಲಿ ನಿಂತಿತ್ತು. ಅಲ್ಲೇ ಒತ್ತಿ ಒತ್ತಿ ನೋಡಿದ, ಕುರಿಯ ಮೈ ತಡವಿ ನೋಡುವ ಹಾಗೆ.

"ಅಣ್ಣಾ," ಅಂದ. "ಇಲ್ಲೇನೋ ಗಂಟ ಐತಲ್ಲೋ."

ಮಾಮಾ ಗೋಡೆಗುಂಟ ಜಾರಿ ಕುಳಿತ. ಕೆಮ್ಮಿದ, ಕೆಮ್ಮಿ ಅಂಗೈಗೆ ಉಗುಳಿದ. ಉಗುಳಿನಲ್ಲಿ ಕಪ್ಪು ರಕ್ತ. ಅದನ್ನು ನೋಡಿ ಅವನಿಗೆ ಆಶ್ಚರ್ಯವೇ ಆಗಲಿಲ್ಲ. ಇದು ಮೊದಲ ಸಲವಲ್ಲ ಎಂದು ಆಗ ನನಗೆ ತಿಳಿಯಿತು. ಗೊತ್ತಿದ್ದೇ ತಪ್ಪನ್ನು ಮಷೀನಿನ ಮೇಲೆ ಹಾಕುತ್ತಿದ್ದ.

ನಾವೆಲ್ಲ ಒಂದೇ ಟಂಟಂ ಆಟೋದಲ್ಲಿ ಸರಕಾರಿ ದವಾಖಾನೆಗೆ ಹೋದೆವು. ಗಂಡನ ಕೈಗೆ ಪ್ಲಾಸ್ಟರ್, ನನ್ನ ತಲೆಗೆ ಹೊಲಿಗೆ, ಕಾಕಾನ ಮುಖಕ್ಕೆ ಔಷಧ. ಮಾಮಾನ ಬಾಯಿಗೆ ಟಾರ್ಚು ಬಿಟ್ಟು ನೋಡಿದ ಡಾಕ್ಟರು ತಡಮಾಡದೆ ವಿಜಯಪುರಕ್ಕೆ ಹೋಗಿರೆಂದರು. ಅಲ್ಲಿ ತುಣುಕು ತೆಗೆದು ಪರೀಕ್ಷೆ ಮಾಡಿದರು. ಗಂಟಲಿನ ಕ್ಯಾನ್ಸರ್. ದನಿಪೆಟ್ಟಿಗೆಯನ್ನೇ ತೆಗೆಯಬೇಕು, ಕುತ್ತಿಗೆಯಲ್ಲಿ ತೂತು ಮಾಡಿ ಉಸಿರಿಗೆ ದಾರಿ ಮಾಡುತ್ತೇವೆ, ಮಾತು ಇರುವುದಿಲ್ಲ ಅಂದರು.

ಆಪರೇಷನ್ನಿಗೆ ಮುಂಚೆ ಒಂದು ದಿನ ಮಾಮಾ ನಮ್ಮ ಬಾಗಿಲಲ್ಲಿ ನಿಂತಿದ್ದ. ಒಳಗೆ ಬರಲಿಲ್ಲ. ತಪ್ಪಾಯಿತು ಅನ್ನಲೂ ಇಲ್ಲ.

"ಮಷೀನ ತಯಾರ ಐತೇನ?"

ಗಂಡ ಪ್ಲಾಸ್ಟರಿನ ಕೈ ಎದೆಗೆ ಕಟ್ಟಿಕೊಂಡು ಕುಳಿತಿದ್ದ. ನನ್ನ ಮುಖ ನೋಡಿ, ಎದ್ದು ಹೊರಗೆ ಹೋದ.

"ತಯಾರ ಮಾಡ್ತೇನಿ," ಅಂದೆ. "ಕೈ ಎತ್ತಿದ್ರ ಅಲ್ಲಿಗೇ ಬಂದ್."

ಬಾಗೇವಾಡಿಯ ಭಜನಾ ಮಂಡಳಿಯವರಿಂದ ಲ್ಯಾಪ್‌ಟಾಪು ಕೇಳಿ ತಂದೆ. ಡಬ್ಬಿ ನೆಗ್ಗಿದ್ದರೂ ಜೀವ ಇತ್ತು. ಹೊಸ ಕಂಪ್ಯೂಟರಿಗೆ ಅದು ಮತ್ತೆ ಕಾಣಲಿಲ್ಲ. ಡ್ರೈವರ್ ಇಳಿಸಿದೆ, ಬಂದ್ ಮಾಡಿದೆ, ಚಾಲೂ ಮಾಡಿದೆ, ವೇಗ ಸರಿ ಮಾಡಿದೆ. ಅಷ್ಟು ಹೊತ್ತೂ ಮಾಮಾ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಅವುಗಳ ಮೇಲೆ ಕುಳಿತು ಕಾಯ್ದ. ಕಾಕಾ ಡೊಳ್ಳು ಹದ ಮಾಡಿದ. ಮಾಮಾ ಹಾಡಿದ. ಎತ್ತರದ ಸಾಲಿಗೆ ಬಂದಾಗ ದನಿ ಹರಿಯಿತು. ಅವನು ನಿಲ್ಲಿಸಲಿಲ್ಲ, ಹರಿದ ದನಿಯಿಂದಲೇ ಸಾಲು ಮುಗಿಸಿದ. ಕರಕರ ಸದ್ದನ್ನು ತೆಗೆದುಹಾಕುವ ಸೌಕರ್ಯ ಸಾಫ್ಟ್‌ವೇರಿನಲ್ಲಿ ಇತ್ತು. ನಾನು ಅದನ್ನು ಮುಟ್ಟಲಿಲ್ಲ.

ಆ ಪದ ಈಗ ಫೋನುಗಳಲ್ಲಿ ಇದೆ. ಕೇಳಿದವರು ಕರಕರವನ್ನೇ ಹೊಗಳುತ್ತಾರೆ. ನನಗೆ ಕೇಳಲು ಆಗುವುದಿಲ್ಲ, ಎಡಗಿವಿ ಬಿಸಿಯಾಗುತ್ತದೆ.

ಮಾಮಾ ಬದುಕಿದ. ದನಿ ಹೋಯಿತು, ಸಿಟ್ಟು ಹೋಗಲಿಲ್ಲ. ಈಗ ಕಾಕಾ ಮುಂದಿನ ಹಾಡುಗಾರ. ಅವನು ಪದ ಹಾಡಲು ಬಂದಾಗ ಮಾಮಾನೂ ಬರುತ್ತಿದ್ದ. ಹಿಂದಿನ ಬೇಸಿಗೆಯಲ್ಲಿ ಕಾಕಾ ಒಂದು ಸಾಲು ತಪ್ಪಿದ. ಮಾಮಾ ಕುಳಿತಿದ್ದ ಮೂಲೆಯಿಂದ ತಾಮ್ರದ ತಂಬಿಗೆ ಹಾರಿಬಂದು ಅವನ ಹಣೆಗೆ ಬಡಿಯಿತು. ನಾನು ರೆಕಾರ್ಡಿಂಗ್ ನಿಲ್ಲಿಸಿ ಬಾಗಿಲು ತೆರೆದೆ.

"ಎದ್ದ ಹೊರಗ ನಡಿ, ಮಾಮಾ."

ಅವನು ಎದ್ದು ಬಂದು ನನ್ನ ಮುಂದೆ ನಿಂತ. ಕುತ್ತಿಗೆಯ ತೂತಿನಿಂದ ಉಸಿರು ಸುಯ್ಯೆಂದು ಬರುತ್ತಿತ್ತು. ಕೈ ಎತ್ತಿದ. ನಾನು ಹಿಂದೆ ಸರಿಯಲಿಲ್ಲ. ಕಣ್ಣನ್ನೂ ಮುಚ್ಚಲಿಲ್ಲ. ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಅವನು ಅದನ್ನು ಇಳಿಸಿ, ಪಟಕಾ ಸರಿಮಾಡಿಕೊಂಡು, ಹೊಸ್ತಿಲು ದಾಟಿದ. ಈಗಲೂ ಬರುತ್ತಾನೆ. ಜೋಳದ ಚೀಲಗಳ ಪಕ್ಕ ಪಡಸಾಲೆಯಲ್ಲಿ ಅವನ ಕುರ್ಚಿ ಹಾಕಿದ್ದೇನೆ. ರೆಕಾರ್ಡಿಂಗ್ ಕೋಣೆಯ ಒಳಗೆ ಅವನಿಗೆ ಜಾಗ ಇಲ್ಲ.