ವಿಭೂತಿಯೊಳಗಿನ ಕೋವಿ

ಹಳೆಯ ರಿವಾಲ್ವರ್ ಕೂಡಿಡುವ ಹುಚ್ಚು ಹತ್ತಿದವನಿಗೆ ನೆಮ್ಮದಿ ಎಂಬುದಿಲ್ಲ. ನನ್ನಲ್ಲಿರುವುದು ಎರಡೇ. ಎರಡೂ ಹತ್ತೊಂಬತ್ತನೇ ಶತಮಾನದವು, ಎರಡಕ್ಕೂ ಲೈಸೆನ್ಸ್ ಇದೆ. ಚುನಾವಣೆ ಬಂತೆಂದರೆ ಠಾಣೆಗೆ ಒಪ್ಪಿಸಿ ಬರಬೇಕು. ಅವು ವಾಪಸು ಬರುವ ತನಕ ಖಾಲಿ ಬೀರುವನ್ನೇ ತೆಗೆದು ಹಾಕಿ ಮಾಡುತ್ತಿರುತ್ತೇನೆ. "ಮಗಳನ್ನ ಗಂಡನ ಮನೆಗೆ ಕಳಿಸ್ದಾಗ್ಲೂ ನೀವು ಇಂಗೆ ಒದ್ದಾಡ್ನಿಲ್ಲ ಕಣ್ರೀ" ಎಂದು ಹೆಂಡತಿ ಆಡಿಕೊಳ್ಳುತ್ತಾಳೆ.

ಇಂಥವನ ಕಿವಿಗೆ ಬೇಗೂರಿನ ಗೆಳೆಯ, ಅರಿಶಿನ ವ್ಯಾಪಾರದವನು, ಒಂದು ಸುದ್ದಿ ಹಾಕಿದ. ಹರದನಹಳ್ಳಿಯಲ್ಲಿರುವ ಅವನ ದೊಡ್ಡಮ್ಮನ ದೇವರ ಕೋಣೆಯಲ್ಲಿ ಒಂದು ಆರು ಗುಂಡಿನ ಕೋವಿ ಇದೆಯಂತೆ. ಹಿಂದಿನವರ ಕಾಲದಲ್ಲೇ ನಳಿಗೆಗೆ ಸೀಸ ಹೊಯ್ಯಿಸಿ ಮುಚ್ಚಿದ್ದಾರೆ, ಪೊಲೀಸರಿಗೂ ಗೊತ್ತಿರುವ ಸಂಗತಿ. ಅಂದಿನಿಂದ ಅದಕ್ಕೆ ಬರೀ ಪೂಜೆ. ನಾನು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಅವನ ಬೈಕು ಹತ್ತಿದೆ.

ದೊಡ್ಡಮ್ಮ ದೇವರ ಕೋಣೆ ತೆರೆದರೆ ಕೋವಿ ಕಾಣಲೇ ಇಲ್ಲ. ಬಿಳಿಯ ಗಟ್ಟಿಯೊಂದು ಪೀಠದ ಮೇಲೆ ಮಲಗಿತ್ತು. ತಲೆಮಾರುಗಳಿಂದ ಬಳಿದ ವಿಭೂತಿ ಗಾರೆಯಂತೆ ಬಿಗಿದುಕೊಂಡಿತ್ತು. ತಯಾರಿಸಿದವರ ಹೆಸರು, ನಂಬರು, ಮುದ್ರೆ, ಏನಿದ್ದರೂ ಅದರಡಿ. ಅದನ್ನು ಓದದೆ ಇದು ವಿಲಾಯಿತಿಯ ಅಸಲಿಯೋ, ಇಲ್ಲಿನ ಯಾವನೋ ಕಮ್ಮಾರ ನೋಡಿ ಬಡಿದ ನಕಲೋ ಹೇಳುವ ಹಾಗಿಲ್ಲ.

"ದೊಡ್ಡವ್ವ, ಒದ್ದೆ ಬಟ್ಟೇಲಿ ಇಷ್ಟಗಲ ಒರೆಸ್ಲಾ?"

"ಒರ್ಸಿ?"

"ನಿಜವಾದ್ದಾ ಅಂತ ಗೊತ್ತಾಯ್ತದೆ."

"ಮದ್ವೆಯಾಗಿ ಬಂದಾಗಿಂದ ದಿನಾ ಕೈ ಮುಗೀತಾ ಇವ್ನಿ. ಈಗ ನೀನು ಬಂದು ನಿಜವಾ ಸುಳ್ಳಾ ಯೋಳ್ಬೇಕಾ ಮಗ? ಮೇಗಳ ವಿಭೂತಿ ನಂದು. ಅದ್ರ ಕೆಳ್ಗೆ ನಮ್ಮತ್ತೆದು. ಅದ್ರ ಕೆಳ್ಗೆ ಅವ್ರತ್ತೆದು. ಯಾರ್ದು ಕೆರೀತೀಯೆ ಯೋಳು."

ಗೆಳೆಯ ಸುಮ್ಮನಿರಬಾರದೇ! "ದಾರೀಲಿ ಏನ್ಲಾ ಅಂದೆ? ಹಳೇ ಕೋವಿ ಮೈ ತೊಳೀಬಾರ್ದು, ಕಿಲುಬೇ ಅದ್ರ ವಯಸ್ಸು ಅಂತ ಕೊರೆದೆ. ಈಗ ನೀನೇ ನೀರು ಕೇಳ್ತಾ ಇದ್ದೀಯಲ್ಲೋ!"

ಆ ದಿನ ಬಟ್ಟೆ ಒದ್ದೆ ಮಾಡದೆಯೇ ಬಂದೆ, ಮನಸ್ಸು ಅಲ್ಲೇ ಉಳಿಯಿತು. ಆಮೇಲಾಮೇಲೆ ಚಾಮರಾಜನಗರದಲ್ಲಿ ಏನೋ ಕೆಲಸವೆಂದು ಹೊರಟವನು ಹರದನಹಳ್ಳಿಯಲ್ಲಿ ಇಳಿಯುತ್ತಿದ್ದೆ. "ನನ್ನ ನೋಡಕ್ ಬಂದ್ಯಾ, ಕೋವಿ ನೋಡಕ್ ಬಂದ್ಯಾ?" ಎಂದು ನಕ್ಕು ದೊಡ್ಡಮ್ಮ ಮುದ್ದೆ, ಉಪ್ಪೆಸರು ಬಡಿಸುತ್ತಿದ್ದರು. ತಟ್ಟೆಯ ಮುಂದೆ ಕೂತರೂ ಕಣ್ಣು ಆ ಬಾಗಿಲಲ್ಲೇ.

ಆಯುಧಪೂಜೆಯ ದಿನ ನಾನೂ ನಮ್ಮ ಗುಂಡ್ಲುಪೇಟೆಯಿಂದ ಚೆಂಡುಹೂ ಹಿಡಿದು ಹೋದೆ. ದೊಡ್ಡಮ್ಮ ಅಂಗಳದಲ್ಲಿ ಜಾರಿ ಬಿದ್ದು ಬಲಗೈಗೆ ಪಟ್ಟಿ ಕಟ್ಟಿಸಿಕೊಂಡಿದ್ದರು. "ಎಡಗೈಲಿ ಅಚ್ಚಬಾರ್ದು. ಈ ಸಲ ನೀನೇ ಅಚ್ಚು" ಎಂದು ಕಲಸಿದ ವಿಭೂತಿಯ ಬಟ್ಟಲು ಕೊಟ್ಟು, ಯಾರೋ ಕರೆದರೆಂದು ಹೊರಗೆ ಹೋದರು.

ಕೋಣೆಯಲ್ಲಿ ನಾನು, ಕೋವಿ, ಪಕ್ಕದಲ್ಲಿ ತಂಬಿಗೆ ನೀರು. ಹಿಡಿಯ ಹತ್ತಿರ ಪದರ ತೆಳ್ಳಗಿತ್ತು. ಬೆರಳಾಡಿಸಿದೆ. ಒಂದು ಗೀರು ತಾಗಿತು. ಉಗುರು ತಾನಾಗಿಯೇ ಅಲ್ಲಿಗೆ ಹೋಯಿತು. ಹೊರಗೆ ದೊಡ್ಡಮ್ಮ ಯಾರಿಗೋ ಹೇಳುತ್ತಿದ್ದರು: "ಒಳ್ಗೆ ನಮ್ಮ ಉಡ್ಗ ಪೂಜೆ ಮಾಡ್ತಾ ಅವ್ನೆ."

ಅರವತ್ತು ದಾಟಿದ ಹುಡುಗ ನಾನು! ಮೂರು ಬೆರಳು ಬಟ್ಟಲಿಗೆ ಅದ್ದಿ, ಆ ಗೀರಿನ ಮೇಲೇ ಎಳೆದೆ.

"ಸರ್ಯಾಗಿ ಅಚ್ಚಿದ್ಯಾ?" ಎನ್ನುತ್ತ ಒಳಗೆ ಬಂದವರು ಬಗ್ಗಿ ನೋಡಿದರು. "ಊಂ. ಇನ್ನು ಮೇಗಳದ್ದು ನಿಂದು ಕಣಪ್ಪ."

ಬಸ್ಸಿನಲ್ಲಿ ಗುಂಡ್ಲುಪೇಟೆ ಬರುವವರೆಗೂ ಗೀರು ತಾಗಿದ ಬೆರಳನ್ನು ಹೆಬ್ಬೆರಳಿಗೆ ಉಜ್ಜುತ್ತಲೇ ಕೂತಿದ್ದೆ. ಅದು ಅಕ್ಷರವೋ, ಬರೀ ವಿಭೂತಿಯ ಬಿರುಕೋ?