ಭಾಗವ್ವ ಮುಚ್ಚಿಟ್ಟ ಎಸರು

ಜಮಖಂಡಿಯಲ್ಲಿ ಖಡಕ್ ರೊಟ್ಟಿ ಕೇಂದ್ರ ನಡೆಸುವ ಭಾಗವ್ವನ ಅನುಮಾನಕ್ಕೆ ಮದ್ದಿಲ್ಲ. ಗಿರಣಿಯಲ್ಲಿ ತನ್ನ ಜೋಳ ಬೀಸಿ ಮುಗಿಯುವವರೆಗೆ ಕಣ್ಣು ಕೀಳದೆ ನಿಲ್ಲುತ್ತಾಳೆ. ಯಾರಾದರೂ ನಕ್ಕು ಮಾತಾಡಿಸಿದರೆ, ಇವರಿಗೆ ನನ್ನಿಂದ ಏನು ಬೇಕಾಗಿದೆ ಎಂದು ಮನೆ ಮುಟ್ಟುವವರೆಗೆ ಯೋಚಿಸುತ್ತಾಳೆ. ನಮ್ಮ ಓಣಿಯವಳು, ಅದಕ್ಕೇ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ.

ಈ ವರ್ಷ ಸಮೀರವಾಡಿ ಕಡೆಯ ಹಾಸ್ಟೆಲ್ಲೊಂದಕ್ಕೆ ರೊಟ್ಟಿ ಒದಗಿಸುವ ಕೆಲಸವೊಂದಿದೆ ಎಂದು ಸುದ್ದಿ ಬಂತು. ಅದು ಸಿಗದಿದ್ದರೆ ಕೇಂದ್ರಕ್ಕೆ ಬೀಗವೇ ಗತಿ. ರೊಟ್ಟಿ ಕೇಂದ್ರಗಳ ಒಕ್ಕೂಟದ ಅಧಿಕಾರಿ ಸ್ನೇಹಾ, ಜಮಖಂಡಿ ಮತ್ತು ಮುಧೋಳದ ಕೇಂದ್ರಗಳನ್ನು ಹೋಲಿಸಿ ನೋಡಿ ಒಬ್ಬರಿಗೆ ಕೊಡುತ್ತೇನೆ ಎಂದಳು. ಅವಳೊಂದಿಗೆ ಒಂದು ಕೇಂದ್ರದ ಕೆಲಸವನ್ನು ಇನ್ನೊಂದು ಕೇಂದ್ರದವರೂ ಕೂತು ನೋಡಬೇಕು, ಒಳ್ಳೆಯದಿದ್ದರೆ ಕಲಿಯಬೇಕು ಎಂಬುದು ಅವಳ ಷರತ್ತು.

“ಕಲಿಯಾಕಲ್ಲ ಬೇ, ಕದಿಯಾಕ ಬರಾಕತ್ತಾರ,” ಎಂದಳು ಭಾಗವ್ವ, ಕೇಂದ್ರದಲ್ಲಿ ಹಿಟ್ಟು ನಾದುವ ಸೋಮವ್ವನಿಗೆ. “ಸೋಮವ್ವಾ, ಇವತ್ತ ಎಸರ ಇಡಬ್ಯಾಡ. ತಣ್ಣೀರಾಗ ನಾದು.”

“ರೊಟ್ಟಿ ಹರೀತಾವಲ್ಲ ಅಕ್ಕಾ?”

“ಹರೀಲಿ. ನಮ್ಮ ಗುಟ್ಟ ಅವ್ರಿಗ್ಯಾಕ?”

ಕುದಿಯುವ ನೀರು ಹಾಕಿ ಜೋಳದ ಹಿಟ್ಟು ನಾದುವುದು ಈ ಸೀಮೆಯಲ್ಲಿ ಯಾರ ಮನೆಯ ಗುಟ್ಟು? ಆದರೆ ಭಾಗವ್ವನಿಗೆ ಹೇಳುವವರು ಯಾರು! ಸ್ನೇಹಾ ಡಬ್ಬಿಯಲ್ಲಿದ್ದ ನಿನ್ನೆಯ ರೊಟ್ಟಿ ನೋಡಿ ಹೋಗುತ್ತಾಳೆಂದು ಅವಳ ಎಣಿಕೆ.

ಸ್ನೇಹಾ ಡಬ್ಬಿಯ ಕಡೆ ತಿರುಗಿಯೂ ನೋಡಲಿಲ್ಲ. ಹಂಚಿನ ಮುಂದೆಯೇ ಕೂತಳು. ಬಡಿದ ರೊಟ್ಟಿಗಳೆಲ್ಲ ಅಂಚು ಬಿರಿದು, ಎತ್ತುವಾಗಲೇ ಹರಿದವು.

“ನಾ ಕಂಡದ್ದನ್ನ ಬರೀಬೇಕಾಗ್ತದ,” ಎಂದು ಪೆನ್ನು ತೆಗೆದಳು.

ನಿಜ ಹೇಳಿದರೆ ಭಾಗವ್ವನ ಮಾನ ಹೋಗುತ್ತದೆ, ಸುಮ್ಮನಿದ್ದರೆ ಕೇಂದ್ರ ಹೋಗುತ್ತದೆ.

ಮುಧೋಳದ ಕೇಂದ್ರದಿಂದ ನೋಡಲು ಬಂದಿದ್ದ ಶೇವಂತಿ ಹರಿದ ರೊಟ್ಟಿಯ ಚೂರು ಬಾಯಿಗಿಟ್ಟು ನಕ್ಕಳು. “ಮೇಡಂ, ಬರೀಬ್ಯಾಡ್ರಿ. ಇವತ್ತ ಎಸರ ಇಟ್ಟಿಲ್ಲ ಇವ್ರು. ಇನ್ನೊಮ್ಮೆ ಮಾಡ್ಲಿ.”

ಇವಳಿಗೇನು ಲಾಭ? ಭಾಗವ್ವ ಕೇಳಿಯೇಬಿಟ್ಟಳು: “ನಮ್ಮದು ಕೆಟ್ರ ಕೆಲಸ ನಿಮಗ ಸಿಗತದಲ್ರೀ?”

“ಎಸರಿಲ್ಲದ ರೊಟ್ಟಿ ಮುಂದ ಗೆದ್ದು ಏನ ಮಾಡ್ಲಿ ಅಕ್ಕಾ? ನಿಮ್ಮ ಖರೆ ರೊಟ್ಟಿ ನೋಡಾಕ ಬಂದೇನಿ.”

ಭಾಗವ್ವ ನಾಚಿ ನೀರಾದಳು. ಸೋಮವ್ವನನ್ನು ಎಬ್ಬಿಸಿ, ತಾನೇ ಎಸರಿಟ್ಟು, ತಾನೇ ನಾದಲು ಕೂತಳು. ಶೇವಂತಿ ಹತ್ತಿರ ಬಂದು ಬಗ್ಗಿದಾಗ ಅಭ್ಯಾಸಬಲದಿಂದ ಭಾಗವ್ವನ ಮೊಣಕೈ ಹಿಟ್ಟಿಗೆ ಅಡ್ಡ ಹೋಯಿತು. ಭಾಗವ್ವ ಅದನ್ನು ಹಿಂದೆಳೆದುಕೊಂಡು, ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

“ಇಲ್ಲೇ ಕುಂದರ್ರಿ. ಅಲ್ಲಿಂದ ಛಲೋ ಕಾಣಂಗಿಲ್ಲ.”