ಒಂದೊಂದು ಮಿರ್ಚಿಗೂ ಹೊಸ ಒಲೆ

ಗೆಳೆಯರೇ, ಬಳ್ಳಾರಿಯ ನಮ್ಮ ಆಫೀಸಿನಲ್ಲಿ ಇಂದು ವೇಗದ ಪ್ರದರ್ಶನವಿತ್ತು. ಅಕ್ಕಿ ಗಿರಣಿಯ ದಾಖಲೆಗಳಲ್ಲಿ ಪದ ಹುಡುಕುವ ಸಿ ಭಾಷೆಯ ಪ್ರೋಗ್ರಾಮಿಗೆ ಸಹೋದ್ಯೋಗಿ ಎರ್ರಿಸ್ವಾಮಿ ಜೆಐಟಿ ಎಂಬ ವೇಗದ ತಂತ್ರ ಜೋಡಿಸಿದ್ದ. ಅಂದರೆ, ಹುಡುಕುವ ಪದದ ಮಾದರಿಯನ್ನು ಮೊದಲೇ ಒಮ್ಮೆ ಯಂತ್ರಭಾಷೆಗೆ ಇಳಿಸಿಕೊಂಡು ಓಡುವುದು.

"ಕಣ್ಣು ಮುಚ್ಚಿ ತೆಗಿಯೋದ್ರಾಗ ಮುಗಿತೈತ್ರಿ," ಎಂದ, ಸಿರುಗುಪ್ಪದಿಂದ ಬಂದಿದ್ದ ಗಿರಣಿ ಮಾಲೀಕರಿಗೆ.

ನಾವು ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ತಿಂದು ಕೈ ತೊಳೆದರೂ ಅದು ಹುಡುಕುತ್ತಲೇ ಇತ್ತು.

ಕೋಡ್ ನೋಡಿದೆ. ದಾಖಲೆಯ ಪ್ರತಿ ಸಾಲಿಗೂ ಅದೇ ಮಾದರಿಯನ್ನು ಹೊಸದಾಗಿ ಯಂತ್ರಭಾಷೆಗೆ ಇಳಿಸುತ್ತಿತ್ತು.

"ಒಂದೊಂದ್ ಮಿರ್ಚಿಗೂ ಹೊಸಾ ಒಲಿ ಹಚ್ಚಾಕತ್ತೀಯಲ್ಲಲೇ!" ಅಂದೆ.

ಆ ಕೆಲಸ ಶುರುವಿನಲ್ಲಿ ಒಮ್ಮೆ ಮಾತ್ರ ಆಗುವಂತೆ ಬದಲಿಸಿದೆ. ಉತ್ತರ ಥಟ್ಟನೆ ಬಂತು.

ಎರ್ರಿಸ್ವಾಮಿ ಎದೆಯುಬ್ಬಿಸಿದ: "ನೋಡ್ರಿ ಸಾವ್ಕಾರ್ರ, ಮಿರ್ಚಿ ತಿನ್ನುವಾಗ ಎಷ್ಟು ಸ್ಲೋ ಇತ್ತು, ಈಗ ಹೆಂಗ ಓಡ್ತೈತಿ!"

ತನ್ನ ತಪ್ಪನ್ನೇ ಸೋಲಿಸಿ ಗೆದ್ದವನಿಗೆ ಮಾಲೀಕರು ಇನ್ನೊಂದು ಪ್ಲೇಟ್ ಮಿರ್ಚಿ ತರಿಸಿದರು. ನನಗೆ ಅರ್ಧ ಕಪ್ ಚಹಾ.